ಆಂಟೆನಾ ಮೊದಲು ಬಂತು

ಬಂಗಾರಪೇಟೆಯ ಕೆರೆಕೋಡಿ ಬೀದಿಯಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟುಕೊಂಡಿದ್ದ ಕೋದಂಡಪ್ಪ ಒಳ್ಳೆಯ ಮನುಷ್ಯ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಅವನಿಗಿದ್ದ ಕಷ್ಟ ಒಂದೇ. ಯಾವುದಾದರೂ ವಿಷಯವನ್ನು ವಿವರಿಸಲು ಹೊರಟನೆಂದರೆ ಕೇಳುವವರಿಗೆ ಮೊದಲು ಅರ್ಥವಾಗಿದ್ದದ್ದೂ ಅರ್ಥವಾಗದೆ ಹೋಗುತ್ತಿತ್ತು. ಕಡಲೆಕಾಯಿ ಹಿಂಡಿಗೂ ಹತ್ತಿಬೀಜದ ಹಿಂಡಿಗೂ ಏನು ವ್ಯತ್ಯಾಸವೆಂದು ಕೇಳಿದ ರೈತನೊಬ್ಬ ಅವನ ಉತ್ತರವನ್ನು ಕೊನೆಯವರೆಗೂ ಕೇಳಿ, ಎರಡನ್ನೂ ಬಿಟ್ಟು ಬರೀ ಬೂಸಾ ಹೊತ್ತುಕೊಂಡು ಹೋದದ್ದುಂಟು.

ಇಂಥವನು ಎಂಬತ್ನಾಲ್ಕನೆಯ ಇಸವಿಯಲ್ಲಿ ಕಲರ್ ಟೀವಿ ಬುಕ್ ಮಾಡಿದ. ಅದಕ್ಕೆ ಕಾರಣ ಅವನ ತಂದೆ ಚಿಕ್ಕಮುನಿಯಪ್ಪ.

ಚಿಕ್ಕಮುನಿಯಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದಡಿ ಬಂಡೆ ಸಿಡಿಸುವ ಕೆಲಸ ಮಾಡಿ ರಿಟೈರಾದವನು. ಮನೆಗೆ ಬರುವಾಗ ಕಿವಿಯೆರಡನ್ನೂ ಗಣಿಯಲ್ಲೇ ಬಿಟ್ಟುಬಂದಿದ್ದ. ಮನೆಯಲ್ಲಿದ್ದ ರೇಡಿಯೋ ಅವನ ಪಾಲಿಗೆ ಬರೀ ಮರದ ಪೆಟ್ಟಿಗೆ. ಹಗಲೆಲ್ಲ ಕಿಟಕಿಯ ಪಕ್ಕ ಕೂತು, ಬೀದಿಯಲ್ಲಿ ಹೋಗುವ ಎಮ್ಮೆಗಳನ್ನು ನೋಡುವುದೇ ಅವನಿಗೆ ಹೊತ್ತು ಕಳೆಯುವ ದಾರಿ. ಒಮ್ಮೆ ಮದುವೆಯ ನೆಪದಲ್ಲಿ ಬೆಂಗಳೂರಿಗೆ ಹೋದಾಗ ಕೋದಂಡಪ್ಪನ ಹೆಂಡತಿಯ ತಮ್ಮ ವೆಂಕಟೇಶಪ್ಪನ ಮನೆಯಲ್ಲಿ ಟೀವಿ ಇತ್ತು. ಮುದುಕ ಅದರ ಮುಂದೆ ಕೂತ. ಟೀವಿಯೊಳಗೆ ಯಾರೋ ದಪ್ಪ ಮನುಷ್ಯನೊಬ್ಬ ಏಣಿಯಿಂದ ಜಾರಿ ಸುಣ್ಣದ ತೊಟ್ಟಿಗೆ ಬಿದ್ದ. ಅದನ್ನು ಕಂಡು ಚಿಕ್ಕಮುನಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ಹಾಗೆ ನಗುವುದನ್ನು ಕೋದಂಡಪ್ಪ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

ವೆಂಕಟೇಶಪ್ಪ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ನಿಮ್ಮ ಕಡೆ ಇದೆಲ್ಲ ಹಿಡಿಯೋದಿಲ್ಲ ಬಿಡಿ ಭಾವ," ಎಂದ ಅವನು, ಬಟ್ಟೆಯಿಂದ ಟೀವಿಯ ನೆತ್ತಿ ಒರೆಸುತ್ತ. "ಬಂಗಾರಪೇಟೆ ಮುಟ್ಟೋಷ್ಟರಲ್ಲಿ ಸಿಗ್ನಲ್ಲಿಗೆ ಸುಸ್ತಾಗಿರುತ್ತೆ."

"ನಾವು ಕಲರ್ ತಗೊಳ್ಳಾನ ಅಂತಿದ್ದೀವಿ," ಎಂದುಬಿಟ್ಟ ಕೋದಂಡಪ್ಪ.

ಪಾಯಸ ಬಡಿಸುತ್ತಿದ್ದ ಅವನ ಹೆಂಡತಿ ವರಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ನಿಂತಳು. ಇಂಥದೊಂದು ಯೋಚನೆ ತಮ್ಮ ಮನೆಯಲ್ಲಿ ನಡೆದಿದೆ ಎಂಬುದು ಅವಳಿಗೂ ಆಗಲೇ ಗೊತ್ತಾದದ್ದು. ಆಡಿದ ಮಾತು ನೆಂಟರ ನಡುವೆ ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಕುಪ್ಪುಸ್ವಾಮಿ ಎಂಬಾತ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದ. 'ಇಂದ್ರಧನು ಕಲರ್ ಟೀವಿ' ಎಂಬ ಹೊಸ ಕಂಪನಿಯ ಏಜೆನ್ಸಿ ಅವನಿಗೆ ಸಿಕ್ಕಿ, ಅಂಗಡಿಯ ಮುಂದೆ ಏಳು ಬಣ್ಣದ ಬೋರ್ಡು ಏರಿತ್ತು. ಒಳಗೆ ಟೀವಿ ಮಾತ್ರ ಇರಲಿಲ್ಲ.

"ಬುಕಿಂಗ್ ಮಾಡಿದವರಿಗೆ ಮಾತ್ರ ಸಾರ್ ಸೆಟ್ಟು. ಮೂರೇ ವಾರ. ಸತ್ಯಮಾ ಹೇಳ್ತೀನಿ," ಎಂದ ಕುಪ್ಪುಸ್ವಾಮಿ, ಕನ್ನಡಕ್ಕೆ ತಮಿಳು ಬೆರೆಸಿ. ಕೋದಂಡಪ್ಪ ಮುಂಗಡ ಕೊಟ್ಟ. ಕುಪ್ಪುಸ್ವಾಮಿ ಒಳಗೆ ಹೋಗಿ, ಮೀನಿನ ಮುಳ್ಳಿನ ಹಾಗಿದ್ದ ಅಲ್ಯೂಮಿನಿಯಂ ಆಂಟೆನಾವನ್ನು ಹೊತ್ತುತಂದು ಅವನ ಕೈಗಿಟ್ಟ. "ಇದು ಫ್ರೀ. ಇವತ್ತೇ ಏರ್ಸಿಬಿಡಿ."

"ಟೀವಿ ಬಂದ್ಮೇಲೆ ಏರ್ಸಿದ್ರಾಗಲ್ವಾ?"

"ಅದು ತಪ್ಪು ಸಾರ್. ಸಿಗ್ನಲ್ಲಿಗೆ ನಿಮ್ಮನೆ ದಾರಿ ಗೊತ್ತಾಗಬೇಕಲ್ಲ. ಇವತ್ತಿಂದ ಬಂದು ಹೋಗಿ ಅಭ್ಯಾಸ ಆಗಿದ್ರೆ, ಸೆಟ್ಟು ಬಂದ ದಿನ ನೇರಾ ಬಂದ್ಬಿಡುತ್ತೆ."

ಹಾಲು ಕೊಡುವ ಹಸುವಿನ ಗುಣ ಬಲ್ಲ ಕೋದಂಡಪ್ಪನಿಗೆ ಈ ಮಾತು ಸರಿಯೆನ್ನಿಸಿತು. ಮಾರಿಕುಪ್ಪಂ ಕಡೆಯಿಂದ ಬಂದ ಸಂಜೆಯ ರೈಲು ಹತ್ತಿದ. ಆಂಟೆನಾ ಒಬ್ಬರ ಪೇಟಕ್ಕೆ ಸಿಕ್ಕಿಕೊಂಡಿತು, ಇನ್ನೊಬ್ಬರ ಮಲ್ಲಿಗೆ ಬುಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡವರೆಲ್ಲ ಇದೇನೆಂದು ಕೇಳಿದರು, ಅವನು ಎಲ್ಲರಿಗೂ ವಿವರಿಸಿದ. ಬಂಗಾರಪೇಟೆಯಲ್ಲಿ ಇಳಿಯುವಷ್ಟರಲ್ಲಿ ಹಿಂಡಿ ಅಂಗಡಿಯ ಕೋದಂಡಪ್ಪನ ಮನೆಗೆ ಕಲರ್ ಟೀವಿ ಬಂದಿದೆ ಎಂಬ ಸುದ್ದಿ ಅವನಿಗಿಂತ ಮೊದಲು ಸ್ಟೇಷನ್ನಿನಿಂದಾಚೆ ನಡೆದಿತ್ತು.

ಮರುದಿನ ಉದ್ದನೆಯ ಕಬ್ಬಿಣದ ಕೊಳವೆಯ ತುದಿಯಲ್ಲಿ ಆಂಟೆನಾ ಏರಿತು. ಸಂಜೆ ಬೀದಿಯವರು ಕೈಕಾಲು ತೊಳೆದು, ತಲೆ ಬಾಚಿ, ಚಾಪೆ ಹಿಡಿದು ಬಂದರು. ಕೋದಂಡಪ್ಪ ಇನ್ನೂ ಅಂಗಡಿಯಲ್ಲಿದ್ದ. ವರಲಕ್ಷ್ಮಮ್ಮ ಬಾಗಿಲಿಗೆ ಬಂದು, "ಟೀವಿ ಇನ್ನೂ ಬಂದಿಲ್ಲ ಕಣ್ರಮ್ಮ, ಅದರ ಕೊಂಬು ಮಾತ್ರ ಬಂದೈತೆ," ಎಂದಳು.

ಎದುರುಮನೆಯ ಮುನಿಶಾಮಮ್ಮ ಒಪ್ಪುವ ಪೈಕಿಯಲ್ಲ. ಎಲ್ಲರೂ ಹಿಂತಿರುಗಿದ ಮೇಲೂ ನಿಂತಿದ್ದು, ಕಿಟಕಿಯ ಬಳಿಗೆ ಹೋದಳು. ಚಿಕ್ಕಮುನಿಯಪ್ಪ ಆಗತಾನೆ ಮುದ್ದೆ ಉಂಡು ಕೂತಿದ್ದ. ಆ ಹೊತ್ತಿನಲ್ಲಿ ಯಾರೇ ಬಂದು ತುಟಿ ಆಡಿಸಿದರೂ ಊಟವಾಯಿತೇ ಎಂದು ಕೇಳುತ್ತಿದ್ದಾರೆಂಬುದು ಅವನ ಅನುಭವ.

"ಟೀವಿ ನೋಡಿದ್ರಾ ಮಾವ?" ಎಂದಳು ಮುನಿಶಾಮಮ್ಮ.

"ಓ, ಈಗ್ತಾನೆ ಮುಗೀತು ಕಣಮ್ಮ," ಎಂದ ಮುದುಕ.

"ಎಂಗಿತ್ತು?"

"ಇವತ್ತು ಸ್ವಲ್ಪ ಸಪ್ಪೆ. ನಿನ್ನೇದು ಚೆನ್ನಾಗಿತ್ತು, ಖಾರವಾಗಿ."

ಮುನಿಶಾಮಮ್ಮನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ. ಕೋದಂಡಪ್ಪನ ಮನೆಯವರು ಬಾಗಿಲು ಹಾಕಿಕೊಂಡು ತಾವಷ್ಟೇ ಟೀವಿ ನೋಡುತ್ತಾರೆ, ನಿನ್ನೆಯಿಂದಲೇ ನೋಡುತ್ತಿದ್ದಾರೆ, ನಿನ್ನೆ ಬಂದದ್ದು ನೋಡಬಾರದಂಥದ್ದು ಎಂದು ದೀಪ ಹಚ್ಚುವ ಹೊತ್ತಿಗೆ ಬೀದಿಗೆಲ್ಲ ತಿಳಿಯಿತು. ಮುದುಕನ ಕೋಣೆಯಲ್ಲಿ ಉರಿಯುತ್ತಿದ್ದ ನೀಲಿ ಬಣ್ಣದ ಸಣ್ಣ ಬಲ್ಬು ಮಿಕ್ಕ ಅನುಮಾನವನ್ನೂ ಕಳೆಯಿತು.

ಅಲ್ಲಿಂದ ಕೋದಂಡಪ್ಪನ ಕೆಟ್ಟ ಕಾಲ ಆರಂಭವಾಯಿತು. ಅವನಲ್ಲೇ ಬೂಸಾ ಕೊಳ್ಳುತ್ತಿದ್ದ ಹಾಲಿನ ಬಚ್ಚಪ್ಪ, ಅವನ ಅಂಗಡಿಯ ಮುಂದೆಯೇ ಸೈಕಲ್ ತುಳಿದುಕೊಂಡು ಹೋಗಿ ಬೇರೆಯವರಲ್ಲಿ ಕೊಂಡ.

"ಯಾಕ್ಲಾ ಬಚ್ಚಪ್ಪ, ನಮ್ಮ ಬೂಸಾ ಏನ್ ಮಾಡ್ತು?"

"ನಮ್ಮ ಎಮ್ಮೆ ಬ್ಲ್ಯಾಕು ಕಣಣ್ಣ. ಕಲರ್‌ನೋರ ಬೂಸಾ ಅದಕ್ಕೆ ಒಗ್ಗಲ್ಲ."

ಕೋದಂಡಪ್ಪ ವಿವರಿಸಿದ. ಆಂಟೆನಾ ಮೊದಲು, ಟೀವಿ ಆಮೇಲೆ, ಸಿಗ್ನಲ್ ಈಗಲೇ ಮನೆಗೆ ಬಂದು ಹೋಗುತ್ತಿದೆ ಎಂದ. "ಬಂದು ಓಗ್ತೈತೆ ಅಂತ ನೀನೇ ಒಪ್ಕೊಂಡಲ್ಲ," ಎಂದು ಬಚ್ಚಪ್ಪ ಪೆಡಲ್ ಒತ್ತಿದ. ಮುನಿಶಾಮಮ್ಮ ಹೆಪ್ಪಿಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದಳು. ಹಬ್ಬದ ದಿನ ಯಾರ ಮನೆಯಿಂದಲೂ ಒಬ್ಬಟ್ಟು ಬರಲಿಲ್ಲ. ಇದನ್ನು ವರಲಕ್ಷ್ಮಮ್ಮ ಬಹಳವಾಗಿ ಮನಸ್ಸಿಗೆ ಹಚ್ಚಿಕೊಂಡಳು. "ಇರೋ ಟೀವಿ ಮುಚ್ಚಿಟ್ಟು ಬೈಸ್ಕೊಂಡಿದ್ರೆ ಅದಕ್ಕಾದ್ರೂ ಒಂದು ಮರ್ಯಾದೆ ಇತ್ತು. ಇಲ್ದಿರೋದನ್ನ ಮುಚ್ಚಿಟ್ಟು ಬೈಸ್ಕೊಂತಿದ್ದೀವಲ್ಲ ನಾವು," ಎಂದಳು.

ಮೂರು ವಾರ ಎಂದೋ ಕಳೆದಿತ್ತು. ಕೋದಂಡಪ್ಪ ಆಂಡರ್ಸನ್‌ಪೇಟೆಗೆ ಓಡಾಡತೊಡಗಿದ. ಕುಪ್ಪುಸ್ವಾಮಿಯ ಬಳಿ ಪ್ರತಿ ಸಲಕ್ಕೂ ಹೊಸ ಕಾರಣ ಇರುತ್ತಿತ್ತು. ಒಂದು ಸಲ ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತಿತ್ತು. ಇನ್ನೊಂದು ಸಲ ಪಿಕ್ಚರ್ ಟ್ಯೂಬು ಹಡಗಿನಲ್ಲಿತ್ತು. ಮತ್ತೊಂದು ಸಲ ಸೆಟ್ಟುಗಳೆಲ್ಲ ತಯಾರಾಗಿದ್ದವು, ಹಸಿರು ಬಣ್ಣ ಮಾತ್ರ ಬರಬೇಕಿತ್ತು.

"ಹಸಿರು ಇಲ್ದಿದ್ರೂ ಪರವಾಗಿಲ್ಲ, ಕೊಟ್ಬಿಡಿ," ಎಂದ ಕೋದಂಡಪ್ಪ. "ನಮ್ಮಪ್ಪ ನಗೋಕೆ ಹಸಿರು ಬೇಕಾಗಿಲ್ಲ."

"ಕವಲೆ ಪಡಬೇಡಿ ಸಾರ್, ಚಿಂತೇನೇ ಬೇಡ. ಬರೋ ವಾರ."

ಅಲ್ಲೇ ಅವನಿಗೆ ಪೆರುಮಾಳ್ ಪರಿಚಯವಾದದ್ದು. ಪೆರುಮಾಳ್ ಗಣಿಯ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಮಗಳ ಮದುವೆಗೆ ಉಡುಗೊರೆ ಕೊಡಲೆಂದು ಟೀವಿ ಬುಕ್ ಮಾಡಿದ್ದ. ಮದುವೆ ನಡೆಯಿತು, ಟೀವಿ ಬರಲಿಲ್ಲ. ಸೀಮಂತಕ್ಕೆ ಕೊಡುತ್ತೇನೆಂದು ಬೀಗರಿಗೆ ಹೇಳಿದ. ಸೀಮಂತವೂ ಆಯಿತು. ಈಗ ನಾಮಕರಣಕ್ಕೆ ತೊಂದರೆಯಿಲ್ಲ ಎಂದು ಹೇಳಿ ಕಳಿಸಿದ್ದ. "ಕೊಳಂದೆ, ಮಗು ಹುಟ್ಟೋದೂ ಬುಕಿಂಗೇ ಅಲ್ಲವಾ ಕೋದಂಡಪ್ಪ," ಎಂದ ಅವನು ಬೆಂಚಿನ ಮೇಲೆ ಕೂತು. "ಆ ಕಂಪನಿ ಹೇಳಿದ ತಿಂಗಳಿಗೆ ಕೊಡುತ್ತೆ. ಈ ಕಂಪನಿ ನೋಡಿ."

ಇತ್ತ ಕೆರೆಕೋಡಿ ಬೀದಿಯಿಂದ ಯಾರೋ ಹೆಸರು ಹಾಕದೆ ಸರ್ಕಾರಕ್ಕೆ ಅರ್ಜಿ ಬರೆದಿದ್ದರು. ಆಗೆಲ್ಲ ಮನೆಯಲ್ಲಿ ಟೀವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಒಂದು ಬೆಳಿಗ್ಗೆ ಛತ್ರಿ ಹಿಡಿದ ಲೈಸೆನ್ಸ್ ಇನ್ಸ್‌ಪೆಕ್ಟರು ಬಂದು, ಬೀದಿಯ ನಡುವೆ ನಿಂತು, ಕತ್ತು ಹಿಂದಕ್ಕೆ ಚಾಚಿ ಆಂಟೆನಾವನ್ನು ದೀರ್ಘವಾಗಿ ನೋಡಿದರು. ಆಮೇಲೆ ಬಾಗಿಲು ತಟ್ಟಿದರು.

"ದೂರದರ್ಶನ ಉಪಕರಣವನ್ನು ಪರವಾನಗಿ ಇಲ್ಲದೆ ಇರಿಸಿಕೊಂಡಿದ್ದೀರಿ ಎಂಬ ದೂರು ಬಂದಿದೆ."

"ಇರಿಸ್ಕೊಂಡಿಲ್ಲ ಸ್ವಾಮಿ."

"ಹಾಗಿದ್ದರೆ ಮೇಲಿರುವುದೇನು?"

"ಅದು ಸಿಗ್ನಲ್ಲಿಗೆ ಅಭ್ಯಾಸ ಆಗ್ಲಿ ಅಂತ," ಎಂದು ಕೋದಂಡಪ್ಪ ಆರಂಭಿಸಿದ. ಇನ್ಸ್‌ಪೆಕ್ಟರು ಒಂದಿಷ್ಟು ಹೊತ್ತು ಕೇಳಿ, ತಲೆ ಒತ್ತಿಕೊಂಡು, "ಮನೆ ಪರಿಶೀಲಿಸಬೇಕಾಗುತ್ತದೆ," ಎಂದರು.

ಸಾಕ್ಷಿಗೆಂದು ಇಬ್ಬರನ್ನು ಕರೆದರೆ ಇಡೀ ಬೀದಿಯೇ ಒಳಗೆ ಬಂತು. ರಾಗಿಯ ಕಣಜ ನೋಡಿದರು. ಕೊಟ್ಟಿಗೆಯ ಹುಲ್ಲು ಸರಿಸಿದರು. ಟೀವಿಯ ಗಾತ್ರ ಎಷ್ಟೆಂದು ಗೊತ್ತಿಲ್ಲದ ಮುನಿಶಾಮಮ್ಮ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನೂ ತೆಗೆದು ನೋಡಿದಳು. ಕೊನೆಗೆ ಮುದುಕನ ಕೋಣೆಗೆ ಬಂದಾಗ ಬಚ್ಚಪ್ಪ ತಡೆದುಕೊಳ್ಳಲಾರದೆ, "ಅಲ್ಲೈತೆ ನೋಡಿ," ಎಂದ.

ಮೂಲೆಯ ಮೇಜಿನ ಮೇಲೆ, ಗಿಳಿ ಮತ್ತು ಗುಲಾಬಿಯ ಕಸೂತಿ ಹಾಕಿದ ಗವಸು ತೊಟ್ಟು, ಚೌಕಾಕಾರದ ವಸ್ತುವೊಂದು ಕೂತಿತ್ತು. ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಚಿಕ್ಕಮುನಿಯಪ್ಪ ಕೂತಿದ್ದ. ಇನ್ಸ್‌ಪೆಕ್ಟರು ಛತ್ರಿಯ ತುದಿಯಿಂದ ಗವಸನ್ನು ಎತ್ತಿದರು. ಒಳಗಿದ್ದದ್ದು ಸೀಮೆಎಣ್ಣೆಯ ಖಾಲಿ ಡಬ್ಬ.

"ಟೀವಿಗೆ ಅಂತ ಒಲ್ದಿದ್ದೆ," ಎಂದಳು ವರಲಕ್ಷ್ಮಮ್ಮ, ಯಾರ ಮುಖವನ್ನೂ ನೋಡದೆ. "ಮಡಚಿಟ್ರೆ ಕಸೂತಿ ಕೆಡ್ತದೆ ಅಂತ ಡಬ್ಬಕ್ಕೆ ಆಕಿದ್ದೀನಿ."

ಇಷ್ಟು ಜನ ಒಟ್ಟಿಗೆ ತನ್ನನ್ನು ನೋಡಲು ಬಂದದ್ದರಿಂದ ಮುದುಕನಿಗೆ ಸಂತೋಷವಾಗಿತ್ತು. ಡಬ್ಬದ ಕಡೆ ಕೈತೋರಿಸಿ, ಕಿವುಡರು ಮಾತಾಡುವಷ್ಟು ಜೋರಾಗಿ ಹೇಳಿದ: "ಟೀವಿ ಬರೋ ಜಾಗ ಇದು. ನಮ್ಮ ಕೋದಂಡ ತರ್ತಾನೆ. ಎಷ್ಟು ದೂರ ಕೂತ್ರೆ ಕಣ್ಣಿಗೆ ಅನುಕೂಲ ಅಂತ ಕೂತ್ಕೊಂಡು ನೋಡ್ತಾ ಇದ್ದೀನಿ."

ಬಚ್ಚಪ್ಪನಿಗೆ ಏಕೋ ಕೆಮ್ಮು ಬಂತು. ಮುನಿಶಾಮಮ್ಮ ಗವಸನ್ನು ತೆಗೆದುಕೊಂಡು ಧೂಳು ಕೊಡವಿ, ಗಿಳಿ ಮುಂದಕ್ಕೆ ಬರುವಂತೆ ಡಬ್ಬಕ್ಕೆ ತೊಡಿಸಿದಳು.

"ಎಲ್ಲಿ ಬುಕ್ ಮಾಡಿದ್ದೀರಿ?" ಎಂದು ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು.

"ಆಂಡರ್ಸನ್‌ಪೇಟೆ ಕುಪ್ಪುಸ್ವಾಮಿ ಅತ್ರ."

ಇನ್ಸ್‌ಪೆಕ್ಟರು ಪಕ್ಕದ ಮಂಚದ ಮೇಲೆ ಕೂತುಬಿಟ್ಟರು. "ಇಂದ್ರಧನುವೇ?"

"ಊಂ."

"ಹಸಿರು ಬಣ್ಣ ಬರಬೇಕಂತೆಯೇ?"

"ನೀವೂನಾ ಸ್ವಾಮಿ?"

"ಯುಗಾದಿಗೆ ಮುಂಚೆ ಬುಕ್ ಮಾಡಿದ್ದು," ಎಂದರು ಇನ್ಸ್‌ಪೆಕ್ಟರು. ಸರ್ಕಾರಿ ಭಾಷೆ ಅವರನ್ನು ಬಿಟ್ಟುಹೋಗಿತ್ತು. "ಲೈಸೆನ್ಸು ಕೂಡ ಮಾಡಿಸಿಟ್ಕೊಂಡಿದ್ದೀನಿ. ನಮ್ಮನೇಲಿ ಅದನ್ನೇ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ ಅಂತಾರೆ."

ಅಂದೇ ಬೀದಿ ತೀರ್ಮಾನ ಮಾಡಿತು. ಬೆಂಗಳೂರಿನ ಕಂಪನಿ ಡಿಪೋಗೇ ಹೋಗಿ ಕೇಳುವುದು ಎಂದಾಯಿತು. ಕೋದಂಡಪ್ಪ, ರಜೆ ಹಾಕಿದ ಇನ್ಸ್‌ಪೆಕ್ಟರು, ಪೆರುಮಾಳ್, ಬೀದಿಯ ಪರವಾಗಿ ಬಚ್ಚಪ್ಪ, ಎಲ್ಲರೂ ಕೂಡಿ ಕುಪ್ಪುಸ್ವಾಮಿಯನ್ನೂ ನಡುವೆ ಕೂರಿಸಿಕೊಂಡು ಬೆಳಗಿನ ರೈಲು ಹತ್ತಿದರು. ಕುಪ್ಪುಸ್ವಾಮಿ ಓಡಿಹೋಗುವವನೇನಲ್ಲ. ಅವನೂ ಹೆಂಡತಿಯ ಬಳೆ ಮಾರಿ ಡಿಪಾಸಿಟ್ ಕಟ್ಟಿದ್ದನಂತೆ. ದಾರಿಯುದ್ದಕ್ಕೂ ಅವನ ಮುಖ ನೋಡಿ ಕೋದಂಡಪ್ಪನೇ ಅವನಿಗೆ ವಡೆ ಕೊಡಿಸಿದ. ಟೀವಿ ತರಲು ಹೋಗುತ್ತಿದ್ದಾರೆಂದು ಸನ್ನೆಯಿಂದ ತಿಳಿದ ಚಿಕ್ಕಮುನಿಯಪ್ಪ, ಯಾರು ಬೇಡವೆಂದರೂ ಕೇಳಿಸದೆ, ಒಗೆದ ಪಂಚೆ ಉಟ್ಟು ಹಿಂದೆಯೇ ಬಂದಿದ್ದ.

ಡಿಪೋದ ಮುಂಭಾಗದಲ್ಲಿ ಒಂದು ಟೀವಿ ಇತ್ತು. ಗಿರಾಕಿಗಳಿಗೆ ತೋರಿಸಲೆಂದು ಅದರಲ್ಲಿ ಸರ್ಕಸ್ಸಿನ ವಿಡಿಯೋ ಕ್ಯಾಸೆಟ್ ಹಾಕಿದ್ದರು. ಹಸಿರು ಸೇರಿದಂತೆ ಎಲ್ಲ ಬಣ್ಣವೂ ಬರುತ್ತಿತ್ತು. ಮುದುಕ ನೇರ ಹೋಗಿ ಅದರೆದುರಿನ ಸೋಫಾದಲ್ಲಿ ಕೂತ. ಮಿಕ್ಕವರು ಗಾಜಿನ ಕೋಣೆಯೊಳಗಿದ್ದ ಮ್ಯಾನೇಜರ ಮುಂದೆ ನಿಂತರು. ಮಾತಾಡುವ ಹೊಣೆ ಕೋದಂಡಪ್ಪನ ಮೇಲೆ ಬಿತ್ತು. ಅವನು ಹಿಂಡಿ ಅಂಗಡಿಯಿಂದ ಹಿಡಿದು ಬಚ್ಚಪ್ಪನ ಎಮ್ಮೆಯವರೆಗೆ ಒಂದನ್ನೂ ಬಿಡದೆ ವಿವರಿಸಿದ.

ಮ್ಯಾನೇಜರು ತಾಳ್ಮೆಯಿಂದ ಕೇಳಿ, "ನಮಗೆ ಬೂಸಾ ಬೇಡಪ್ಪ," ಎಂದರು.

ಇನ್ಸ್‌ಪೆಕ್ಟರು ಮುಂದೆ ಬಂದು ವಿಷಯ ಬಿಡಿಸಿ ಹೇಳಿದರು. ಮ್ಯಾನೇಜರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿ, "ಸ್ಟಾಕ್ ಇಲ್ಲ. ಬರೋ ವಾರ," ಎಂದರು. ಪೆರುಮಾಳ್ ಮೊಮ್ಮಗುವಿನ ಮಾತೆತ್ತಿದ. ಅದಕ್ಕೂ ಬರೋ ವಾರ. ಹೀಗೆ ಸಂಜೆಯಾಯಿತು. ಎಲ್ಲರೂ ಸೋತು ಹೊರಗೆ ಬಂದರು. ಚಿಕ್ಕಮುನಿಯಪ್ಪ ಬರಲಿಲ್ಲ. ಸರ್ಕಸ್ಸಿನ ಬಫೂನ್ ಹಗ್ಗದಿಂದ ಬೀಳುವುದನ್ನು ಎಷ್ಟನೆಯ ಸಲವೋ ನೋಡಿ, ಮೊದಲನೆಯ ಸಲದಷ್ಟೇ ಜೋರಾಗಿ ನಗುತ್ತಿದ್ದ.

"ತಾತ, ಮುಚ್ಚೋ ಹೊತ್ತಾಯ್ತು, ಎದ್ದೇಳಿ," ಎಂದರು ಮ್ಯಾನೇಜರು. ಮುದುಕ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಬಾಪ್ಪ, ಕೂತ್ಕೋ," ಎಂದ.

ಮ್ಯಾನೇಜರು ಟೀವಿ ಆರಿಸಿದರು. ಮುದುಕ ಇಂಟರ್ವಲ್ ಬಿಟ್ಟಿದ್ದಾರೆಂದು ತಿಳಿದು, ಜೇಬಿನಿಂದ ಎಲೆಯಡಿಕೆ ತೆಗೆದ. ಮ್ಯಾನೇಜರು ಅವನ ಕಿವಿಗೆ ಬಾಯಿಟ್ಟು ಕೂಗಿದರು. "ಚಿಕ್ಕಮುನಿಯಪ್ಪ ಅಂತ. ಮೈಸೂರು ಮೈನ್ಸು," ಎಂದು ಮುದುಕ ವಿನಯದಿಂದ ಪರಿಚಯ ಹೇಳಿಕೊಂಡ. ಕೂಗಾಟ ಕೇಳಿ ಫುಟ್‌ಪಾತಿನಲ್ಲಿ ಜನ ಸೇರಿದರು. ಅರ್ಧ ಎಳೆದ ಶಟರಿನ ಸಂದಿಯಿಂದ ಬಗ್ಗಿ ನೋಡಿದವನೊಬ್ಬ, ಕಂಪನಿಯವರು ಯಾರೋ ವಯಸ್ಸಾದವರನ್ನು ಕೂಡಿಹಾಕಿದ್ದಾರೆ ಎಂದ. ಅವನ ಹಿಂದಿದ್ದವನು, ಹೊಡೆದರೂ ಇರಬಹುದು ಎಂದ. ಕೋದಂಡಪ್ಪ ಗಾಬರಿಯಿಂದ ಹಾಗೇನಿಲ್ಲವೆಂದು ಎಲ್ಲರಿಗೂ ವಿವರಿಸಿದ. ಅವನ ವಿವರಣೆ ಮುಗಿಯುವಷ್ಟರಲ್ಲಿ ಗುಂಪಿನಲ್ಲಿ ಇಬ್ಬರು ತೋಳು ಮೇಲೇರಿಸಿದ್ದರು.

ಮ್ಯಾನೇಜರು ಬೆವರು ಒರೆಸಿಕೊಂಡು ಹೊರಗೆ ಬಂದರು. "ಆ ಸೆಟ್ಟನ್ನೇ ತಗೊಂಡು ಹೋಗಿ. ಜೊತೆಗೆ ಅವರನ್ನೂ ಕರ್ಕೊಂಡು ಹೋಗಿ," ಎಂದರು.

ಟೀವಿ ರೈಲಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬಂಗಾರಪೇಟೆಗೆ ಬಂತು. ಮಿಕ್ಕವರು ನಿಂತೇ ಬಂದರು. ಇಳಿಯುವಾಗ ಪೆರುಮಾಳ್ ಕೋದಂಡಪ್ಪನ ಕೈ ಹಿಡಿದು, "ನಮ್ಮಪ್ಪ ಹೋಗಿ ತುಂಬಾ ವರ್ಷ ಆಯ್ತು. ಬರೋ ವಾರ ನಿಮ್ಮಪ್ಪನ್ನ ಒಂದು ದಿನಕ್ಕೆ ಕಳ್ಸಿಕೊಡಿ," ಎಂದ. ತನಗೂ ಒಂದು ದಿನ ಬೇಕೆಂದರು ಇನ್ಸ್‌ಪೆಕ್ಟರು. ಆ ಎರಡು ಪ್ರಯಾಣಗಳೂ ನಡೆದವು, ಎರಡೂ ಫಲ ಕೊಟ್ಟವು. ಆಮೇಲೆ ಡಿಪೋದವರು ತಾವಾಗಿಯೇ ಲಾರಿ ತುಂಬ ಸೆಟ್ಟು ಆಂಡರ್ಸನ್‌ಪೇಟೆಗೆ ಕಳಿಸಿ, ಇನ್ನು ಮುಂದೆ ಯಾರೂ ಬರುವ ತೊಂದರೆ ತೆಗೆದುಕೊಳ್ಳಬಾರದೆಂದು ಕುಪ್ಪುಸ್ವಾಮಿಗೆ ಹೇಳಿದರಂತೆ.

ಕೋದಂಡಪ್ಪನ ಮನೆಯಲ್ಲಿ ಟೀವಿ ಹಾಕಿದ್ದು ಅದನ್ನು ತಂದ ಮರುದಿನ ಸಂಜೆ. ಬೀದಿಯಷ್ಟೂ ಬಂತು. ಮುನಿಶಾಮಮ್ಮ ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ತಂದಳು. ಬಚ್ಚಪ್ಪ ಕರೆಯದಿದ್ದರೂ ಬಂದು ಜಮಖಾನ ಹಾಸಿದ. ಇನ್ಸ್‌ಪೆಕ್ಟರು ಕೋದಂಡಪ್ಪನ ಹೆಸರಿಗೆ ಲೈಸೆನ್ಸು ಮಾಡಿಸಿ, ಕೈಯಲ್ಲಿ ಹಿಡಿದೇ ಬಂದಿದ್ದರು. ಮುಂದಿನ ಸಾಲಿನಲ್ಲಿ, ಕಣ್ಣಿಗೆ ಅನುಕೂಲವೆಂದು ತಾನು ಗೊತ್ತುಮಾಡಿಕೊಂಡಿದ್ದ ದೂರದಲ್ಲಿ, ಚಿಕ್ಕಮುನಿಯಪ್ಪ ಕೂತ. ಕೋದಂಡಪ್ಪ ಬಂದವರನ್ನೆಲ್ಲ ಬಾಗಿಲಲ್ಲಿ ನಿಂತು ಒಳಗೆ ಕರೆದ, ಮಕ್ಕಳನ್ನು ಎತ್ತಿ ದಾಟಿಸಿದ, ವಯಸ್ಸಾದವರನ್ನು ಕೈಹಿಡಿದು ಕೂರಿಸಿದ. ಎಲ್ಲರೂ ಕೂತ ಮೇಲೆ ನೋಡಿದರೆ ಅವನಿಗೇ ಜಾಗವಿಲ್ಲ. ಜಗಲಿಯ ಮೇಲೆ, ಚಪ್ಪಲಿಗಳ ರಾಶಿಯ ಪಕ್ಕ ಕೂತ. ಒಳಗೆ ಟೀವಿ ಹಾಕಿದ ಸದ್ದು ಕೇಳಿಸಿತು. ಏನೋ ಸಂಗೀತ ಬಂತು. ಜನ ಓ ಎಂದರು. ಆಮೇಲೆ ಥಟ್ಟನೆ ಎಲ್ಲ ಸದ್ದೂ ನಿಂತಿತು.

"ಏನ್ ಬತ್ತೈತ್ಲಾ ಬಚ್ಚಪ್ಪ?" ಎಂದು ಅವನು ಹೊರಗಿನಿಂದ ಕೇಳಿದ.

ಕಿಟಕಿಯ ಬಳಿ ಕೂತಿದ್ದ ಬಚ್ಚಪ್ಪ ಇತ್ತ ತಿರುಗಿದ. "ಚಿತ್ರ ಓಯ್ತು ಕಣಣ್ಣ. ಬರೀ ಅಕ್ಷರ ಬಂದವೆ. ತಡಿ, ಇನ್ಸ್‌ಪೆಕ್ಟರು ಓದ್ತಾವ್ರೆ."

"'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂದು ಬರೆಯಲಾಗಿದೆ," ಎಂಬ ಇನ್ಸ್‌ಪೆಕ್ಟರ ದನಿ ಕೇಳಿಸಿತು.

"ಅಂಗಂದ್ರೇನು?" ಎಂದಳು ಮುನಿಶಾಮಮ್ಮ.

"ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಬೇಕು ಎಂದರ್ಥ."

ಬಚ್ಚಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಣ್ಣಾ, ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮಿಸ್ಬೇಕಂತೆ. ಏನೇಳ್ಲಿ?"

ಕೋದಂಡಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಕುಪ್ಪುಸ್ವಾಮಿ ಕಾರಣ ಹೇಳಿದ್ದ, ಮ್ಯಾನೇಜರು ವಾರ ಹೇಳಿದ್ದರು. ಈ ಮಾತನ್ನು ಮಾತ್ರ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

"ಒಬ್ರಾದ್ರೂ ಕೇಳಿದ್ರಲ್ಲ," ಎಂದ. "ಕ್ಷಮಿಸಿದ್ದೀನಿ ಅಂತ ಏಳು."

ಬಚ್ಚಪ್ಪ ತಲೆ ಒಳಗೆ ಎಳೆದುಕೊಂಡು, ಅದನ್ನು ಟೀವಿಗೆ ತಿಳಿಸಿದ.